ಸೌರ ಬಿರುಗಾಳಿಗೆ ಮನೆಯ ಫೋನು ಸುಡುವುದೇ?

ಈ ಅಂಕಣದಲ್ಲಿ ನಾವು ಅಡುಗೆಮನೆಯ ಅನಿಲ, ಕೊಳವೆಬಾವಿಯ ನೀರು, ಮಕ್ಕಳ ಕಣ್ಣಿನ ಆರೈಕೆ ಮೊದಲಾದ ಮನೆವಾರ್ತೆಯ ಸಂಗತಿಗಳನ್ನೇ ಬರೆಯುತ್ತ ಬಂದವರು. ಈ ಸಲ ಹದಿನೈದು ಕೋಟಿ ಕಿಲೋಮೀಟರ್ ಆಚೆಯಿರುವ ಸೂರ್ಯನ ಮಾತನ್ನು ಎತ್ತಿಕೊಂಡಿರುವುದನ್ನು ಕಂಡು ಓದುಗ ಬಂಧುಗಳು ಅಚ್ಚರಿಪಡಬಹುದು. ಸೌರ ಬಿರುಗಾಳಿ ಬಂದರೆ ಫ್ರಿಜ್ಜು, ಟಿ.ವಿ., ಮೊಬೈಲುಗಳು ಸುಟ್ಟುಹೋಗುವವೇ, ಇಂಟರ್ನೆಟ್ ತಿಂಗಳುಗಟ್ಟಲೆ ನಿಂತುಹೋಗುವುದೇ ಎಂದು ಹಲವರು ನಮ್ಮನ್ನು ಕೇಳಿದ್ದಾರೆ. ಉತ್ತರವನ್ನು ಬರೆಯುವುದಕ್ಕೆ ಮುನ್ನ ನಮ್ಮಿಂದಲೇ ಆದ ಒಂದು ತಪ್ಪನ್ನು ಹೇಳಿಕೊಳ್ಳಬೇಕಾಗಿದೆ.

2024ರ ಮೇ 10, ಶುಕ್ರವಾರ, ಬಸವ ಜಯಂತಿ. ಊರೂರುಗಳಲ್ಲಿ ಮೆರವಣಿಗೆ ಮುಗಿದು ಜನ ಮನೆ ಸೇರಿದ ಹೊತ್ತಿಗೆ, ಅಂದರೆ ರಾತ್ರಿ ಹತ್ತೂವರೆಯ ಸುಮಾರಿಗೆ, ಇಪ್ಪತ್ತು ವರ್ಷಗಳಲ್ಲಿಯೇ ಅತಿ ಪ್ರಬಲವಾದ ಸೌರ ಬಿರುಗಾಳಿ ಭೂಮಿಯನ್ನು ತಾಕಿತು. ನಮಗಾರಿಗೂ ಅದು ತಿಳಿಯಲಿಲ್ಲ. ಮರುದಿನ ಸುದ್ದಿ ಹಬ್ಬಿತು. ಆ ಶನಿವಾರ ಸಂಜೆ ನಮ್ಮ ಫೋನಿಗೆ ಒಂದು ಸಂದೇಶ ಬಂದಿತು. ರಾತ್ರಿ ಹನ್ನೆರಡೂವರೆಯಿಂದ ಮೂರೂವರೆಯವರೆಗೆ ಅಪಾಯಕರ ಕಿರಣಗಳು ಭೂಮಿಯ ಸಮೀಪ ಹಾಯುತ್ತವೆ, ಫೋನುಗಳನ್ನು ಬಂದ್ ಮಾಡಿ ದೂರವಿಟ್ಟು ಮಲಗಿರಿ, ನಾಸಾ ಸಂಸ್ಥೆಯವರೇ ಹೇಳಿದ್ದಾರೆ ಎಂಬುದು ಅದರ ಸಾರ. ಅರ್ಧ ಓದಿದೆವು, ಇದ್ದರೂ ಇರಬಹುದು, ಹೇಳುವುದರಲ್ಲಿ ನಷ್ಟವೇನು ಎಂದುಕೊಂಡು ಮನೆತನದ ಗುಂಪಿಗೆ ಕಳುಹಿಸಿಬಿಟ್ಟೆವು.

ಗದಗ ಸೀಮೆಯಲ್ಲಿರುವ ನಮ್ಮ ಅಕ್ಕನ ಮನೆಯಲ್ಲಿ ಅದನ್ನು ಓದಿ ಭಾವನವರೂ ಮಕ್ಕಳೂ ನಾಲ್ಕೂ ಫೋನುಗಳನ್ನು ಬಂದ್ ಮಾಡಿ ದೇವರ ಜಗುಲಿಯ ಮೇಲಿಟ್ಟು ಮಲಗಿದರು. ಅಲ್ಲಿಂದ ಆರು ಮೈಲು ದೂರದ ಹಳ್ಳಿಯಲ್ಲಿ ನಮ್ಮ ಸೋದರತ್ತೆ, ಹದಿನಾರು ವರ್ಷದ ಮೊಮ್ಮಗನೊಡನೆ ಇರುತ್ತಾರೆ. ರಾತ್ರಿ ಒಂದು ಗಂಟೆಯ ಹೊತ್ತಿಗೆ ಅವರಿಗೆ ಎದೆನೋವು ಕಾಣಿಸಿಕೊಂಡಿತು. ಆಂಬುಲೆನ್ಸು ದೂರದ ಇನ್ನೊಂದು ಊರಿಗೆ ಹೋಗಿತ್ತು. ಹುಡುಗ ಕಾರಿರುವ ಅಕ್ಕನ ಮನೆಗೆ ನಾಲ್ಕೂ ನಂಬರಿಗೆ ಮತ್ತೆ ಮತ್ತೆ ಫೋನು ಹಚ್ಚಿದ. ಒಂದೂ ಹೋಗಲಿಲ್ಲ. ಕಡೆಗೆ ಓಣಿಯವರನ್ನು ಎಬ್ಬಿಸಿ, ಸಂತೆಗೆ ಕಾಯಿಪಲ್ಯ ಒಯ್ಯುವ ಗಾಡಿಯೊಂದನ್ನು ಹೊಂದಿಸಿ, ಅಜ್ಜಿಯನ್ನು ಆಸ್ಪತ್ರೆಗೆ ಮುಟ್ಟಿಸಿದಾಗ ಮೂರೂವರೆ ಮೀರಿತ್ತು. ಅತ್ತೆ ಉಳಿದರು. ಆದರೆ ಎರಡು ತಾಸು ಮೊದಲೇ ತಂದಿದ್ದರೆ ಹೃದಯ ಇಷ್ಟು ಸೋಲುತ್ತಿರಲಿಲ್ಲವೆಂದು ವೈದ್ಯರು ಹೇಳಿದರು. ಮರುದಿನ ಅಕ್ಕ ಫೋನಿನಲ್ಲಿ ಅಳುತ್ತ, “ನೀನ ಕಳಿಸಿದ್ದೆಲ್ಲೋ ತಮ್ಮಾ, ಅದಕ್ಕ ಬಂದ್ ಮಾಡಿದ್ವಿ” ಎಂದಳು. ನಮ್ಮಲ್ಲಿ ಉತ್ತರವಿರಲಿಲ್ಲ. ಆ ಬಳಿಕವೇ ನಾವು ಈ ವಿಷಯವನ್ನು ಕುಳಿತು ಓದಿದ್ದು. ಓದಬೇಕಾಗಿದ್ದುದು ಅದಕ್ಕೆ ಮೊದಲು.

ಸೂರ್ಯನು ನಮ್ಮ ಕಣ್ಣಿಗೆ ಶಾಂತವಾಗಿ ಉರಿಯುವ ದೀಪದಂತೆ ತೋರಿದರೂ ಅವನ ಮೈಯೆಲ್ಲ ಕುದಿಯುವ ವಿದ್ಯುದಾವೇಶದ ಅನಿಲ. ಸುಮಾರು ಹನ್ನೊಂದು ವರ್ಷಗಳಿಗೊಮ್ಮೆ ಅಲ್ಲಿ ಕಲೆಗಳು ಹೆಚ್ಚಿ, ಕಾಂತಬಲವು ಗಂಟುಗಂಟಾಗಿ ತಿರುಚಿಕೊಂಡು ಒಮ್ಮೆಲೇ ಸಿಡಿಯುತ್ತದೆ. ಆ ಸಿಡಿತದ ಬೆಳಕು ಮತ್ತು ಎಕ್ಸ್ ಕಿರಣಗಳು ಎಂಟು ನಿಮಿಷಗಳಲ್ಲಿ ನಮ್ಮನ್ನು ಮುಟ್ಟುತ್ತವೆ. ಹಗಲಿರುವ ಕಡೆ ಹಡಗು ಮತ್ತು ವಿಮಾನಗಳ ದೂರದ ರೇಡಿಯೋ ಕೆಲಕಾಲ ಮಂಕಾಗುತ್ತದೆ. ನಿಜವಾದ ಬಿರುಗಾಳಿ ಅದಲ್ಲ. ಸಿಡಿತದೊಡನೆ ಕೆಲವೊಮ್ಮೆ ನೂರಾರು ಕೋಟಿ ಟನ್ ತೂಕದ ಅನಿಲಮೋಡವು ತನ್ನ ಕಾಂತಬಲವನ್ನು ಹೊತ್ತು ಹೊರಡುತ್ತದೆ. ಅತಿ ವೇಗದ್ದು ಹದಿನೈದು ತಾಸಿನಲ್ಲಿ, ಸಾಮಾನ್ಯವಾದದ್ದು ಎರಡು ಮೂರು ದಿನಗಳಲ್ಲಿ ಭೂಮಿಗೆ ಬರುತ್ತದೆ. ಅದು ಬಂದು ಒತ್ತಿದಾಗ ಭೂಮಿಯ ಕಾಂತಕ್ಷೇತ್ರವು ಗಾಳಿಗೆ ಸಿಕ್ಕ ಪರದೆಯಂತೆ ತೊನೆಯುತ್ತದೆ. ಮಧ್ಯರಾತ್ರಿ ಹನ್ನೆರಡೂವರೆಗೆ ಬಂದು ಮೂರೂವರೆಗೆ ಹೋಗುವ ಕಿರಣವೆಂಬುದು ಇದರಲ್ಲಿ ಯಾವುದೂ ಇಲ್ಲ. ಆ ಸಂದೇಶ, ಸೌರ ಬಿರುಗಾಳಿಗಿಂತಲೂ ಹಳೆಯದಾಗಿ, ಮಂಗಳ ಗ್ರಹದ ಹೆಸರಿನಲ್ಲಿಯೂ ವರ್ಷಗಟ್ಟಲೆ ನಮ್ಮ ದೇಶದಲ್ಲೆಲ್ಲ ತಿರುಗಾಡಿದ್ದೆಂದು ಆಮೇಲೆ ತಿಳಿಯಿತು.

ಈ ವಿದ್ಯಮಾನದ ಚರಿತ್ರೆಯಲ್ಲಿ ನಮ್ಮ ದೇಶಕ್ಕೂ ಒಂದು ಹಿರಿಯ ಸ್ಥಾನವುಂಟು. 1859ರ ಸೆಪ್ಟೆಂಬರ್ 1ರಂದು ಇಂಗ್ಲೆಂಡಿನ ರಿಚರ್ಡ್ ಕ್ಯಾರಿಂಗ್ಟನ್ ಎಂಬ ಖಗೋಳಜ್ಞರು ಸೂರ್ಯನ ಕಲೆಗಳ ಚಿತ್ರ ಬರೆಯುತ್ತ ಕುಳಿತಿದ್ದಾಗ ಎರಡು ಬಿಳಿ ಬೆಳಕಿನ ಚುಕ್ಕೆಗಳು ಹೊತ್ತಿಕೊಂಡು ಐದು ನಿಮಿಷಗಳಲ್ಲಿ ಆರಿದುದನ್ನು ಕಂಡರು. ಹದಿನೇಳೂವರೆ ತಾಸುಗಳ ಬಳಿಕ ಭೂಮಿಯ ಮೇಲೆ ಬಿರುಗಾಳಿ ಎರಗಿತು. ಧ್ರುವಪ್ರದೇಶದಲ್ಲಿ ಮಾತ್ರ ಕಾಣುವ ಬಣ್ಣದ ಬೆಳಕು ಕ್ಯೂಬಾದವರೆಗೆ ಕಾಣಿಸಿತು. ಅಮೆರಿಕದಲ್ಲಿ ಬೋಸ್ಟನ್ ಮತ್ತು ಪೋರ್ಟ್‌ಲ್ಯಾಂಡ್ ನಗರಗಳ ತಂತಿ ಕಚೇರಿಯವರು ಬ್ಯಾಟರಿಗಳನ್ನು ಬಿಡಿಸಿಟ್ಟು, ತಂತಿಯಲ್ಲಿ ತಾನಾಗಿ ಹರಿಯುತ್ತಿದ್ದ ವಿದ್ಯುತ್ತಿನಿಂದಲೇ ಸುದ್ದಿ ಕಳುಹಿಸಿಕೊಂಡರು. ಅದೇ ಸೆಪ್ಟೆಂಬರ್ 2ರ ಹಗಲಿನಲ್ಲಿ ಮುಂಬಯಿಯ ಕೊಲಾಬಾ ವೀಕ್ಷಣಾಲಯದಲ್ಲಿ ಸರದಿಯ ಮೇಲೆ ಕುಳಿತ ವೀಕ್ಷಕರು ಕಾಂತಸೂಜಿಯ ಚಲನೆಯನ್ನು ಕೈಯಿಂದಲೇ ಬರೆದಿಟ್ಟರು. ಭೂಮಿಯ ಕಾಂತಬಲ ಅಲ್ಲಿ ಒಮ್ಮೆಲೇ ಸುಮಾರು 1,600 ನ್ಯಾನೊಟೆಸ್ಲಾ, ಎಂದರೆ ನೂರಕ್ಕೆ ನಾಲ್ಕರಷ್ಟು, ಕುಸಿದಿತ್ತು. ಆ ಮಹಾ ಬಿರುಗಾಳಿಯ ಬಲವನ್ನು ಅಳೆಯಲು ಜಗತ್ತಿನ ವಿಜ್ಞಾನಿಗಳು ಇಂದಿಗೂ ಮುಂಬಯಿಯ ಆ ಕಡತವನ್ನೇ ತೆರೆದು ನೋಡುತ್ತಾರೆ. ಅದನ್ನು ಬರೆದಿಟ್ಟ ಕೈಗಳ ಬಗ್ಗೆ ನಮಗೆ ದೊಡ್ಡ ಗೌರವ. ಮುಂದೆ ಮುಂಬಯಿಗೆ ವಿದ್ಯುತ್ ಟ್ರಾಮುಗಳು ಬರಲಿದ್ದವು. ಅವುಗಳ ವಿದ್ಯುತ್ತಿನಿಂದ ಸೂಜಿಯ ಲೆಕ್ಕ ಕೆಡಬಾರದೆಂದು 1904ರಲ್ಲಿ ಆ ಕೆಲಸವನ್ನು ಅಲಿಬಾಗಿಗೆ ಒಯ್ಯಲಾಯಿತು.

ತಂತಿ ಕಚೇರಿಯ ಆ ಪ್ರಸಂಗದಲ್ಲಿಯೇ ನಮ್ಮ ಮನೆಯ ಪ್ರಶ್ನೆಗೆ ಉತ್ತರವಿದೆ. ಕಾಂತಕ್ಷೇತ್ರ ತೊನೆದಾಗ ನೆಲದಲ್ಲಿಯೂ ನೆಲಕ್ಕೆ ಜೋಡಿಸಿದ ತಂತಿಗಳಲ್ಲಿಯೂ ವಿದ್ಯುತ್ ಹುಟ್ಟುತ್ತದೆ. ಅದರ ಬಲ ತಂತಿಯ ಉದ್ದವನ್ನು ಅವಲಂಬಿಸಿದೆ. ದೊಡ್ಡ ಬಿರುಗಾಳಿಯಲ್ಲಿ ಕಿಲೋಮೀಟರಿಗೆ 5 ವೋಲ್ಟ್ ಹುಟ್ಟಿತೆಂದು ಹಿಡಿಯೋಣ. ಇನ್ನೂರು ಕಿಲೋಮೀಟರಿನ ವಿದ್ಯುತ್ ಮಾರ್ಗದಲ್ಲಿ ಅದು ಸಾವಿರ ವೋಲ್ಟಾಗುತ್ತದೆ. ನಮ್ಮ ಮನೆಯ ಇಪ್ಪತ್ತು ಮೀಟರ್ ತಂತಿಯಲ್ಲಿ ಒಂದು ವೋಲ್ಟಿನ ಹತ್ತನೆಯ ಒಂದು ಭಾಗ ಮಾತ್ರ. ಕೈದೀಪಕ್ಕೆ ಹಾಕುವ ಒಂದು ಸೆಲ್ಲು ಒಂದೂವರೆ ವೋಲ್ಟಿನದು; ಅದರ ಹದಿನೈದನೆಯ ಒಂದು ಪಾಲು ಇದು. ಫ್ರಿಜ್ಜು, ಮಿಕ್ಸರು, ಟಿ.ವಿ.ಗಳು ಇದನ್ನು ಗಮನಿಸುವುದೂ ಇಲ್ಲ. ಅಂಗೈಯಗಲದ ಮೊಬೈಲಿನ ಮಾತಂತೂ ಬೇಡ. ಅದು ಚಾಲೂ ಇದ್ದರೂ ಒಂದೇ, ಬಂದ್ ಇದ್ದರೂ ಒಂದೇ. ಅಣುಬಾಂಬು ಆಕಾಶದಲ್ಲಿ ಸಿಡಿದರೆ ಉಂಟಾಗುವ ಕ್ಷಣಾರ್ಧದ ವಿದ್ಯುತ್ ಹೊಡೆತಕ್ಕೆ ಸಣ್ಣ ಯಂತ್ರಗಳೂ ಕೆಡಬಲ್ಲವು. ಅದನ್ನೂ ಇದನ್ನೂ ಜನ ಕಲಸಿ ಮಾತಾಡುವುದರಿಂದ ಈ ಭಯ ಹುಟ್ಟಿದೆಯೆಂದು ನಮಗೆ ತೋರುತ್ತದೆ. ಮನೆಯ ಯಂತ್ರಗಳಿಗೆ ನಿಜವಾದ ಹಗೆ ಚೈತ್ರ ವೈಶಾಖಗಳ ಅಡ್ಡಮಳೆಯ ಸಿಡಿಲು. ಅದಕ್ಕಾಗಿ ಪ್ಲಗ್ಗು ಕೀಳುವುದು ಒಳ್ಳೆಯ ರೂಢಿ, ಬಿಡಬೇಡಿರಿ.

ಹಾಗಾದರೆ ಅಪಾಯವೇ ಇಲ್ಲವೇ? ಇದೆ, ಅದು ಮನೆಯೊಳಗಲ್ಲ, ಮನೆಗೆ ಬರುವ ದಾರಿಯಲ್ಲಿ. 1989ರ ಮಾರ್ಚ್ 13ರ ನಸುಕಿನ 2-44ಕ್ಕೆ ಕೆನಡಾ ದೇಶದ ಕ್ವಿಬೆಕ್ ಪ್ರಾಂತದಲ್ಲಿ ಇಂಥದೇ ಬಿರುಗಾಳಿಗೆ ಸಿಕ್ಕು ಇಡೀ ವಿದ್ಯುತ್ ಜಾಲ ಒಂದೂವರೆ ನಿಮಿಷದಲ್ಲಿ ಕುಸಿಯಿತು. ಅರವತ್ತು ಲಕ್ಷ ಜನ ಕೊರೆಯುವ ಚಳಿಯಲ್ಲಿ ಒಂಬತ್ತು ತಾಸು ಕತ್ತಲಲ್ಲಿದ್ದರು. ಅಲ್ಲಿಯ ನೆಲ ಗಟ್ಟಿ ಶಿಲೆಯದು. ವಿದ್ಯುತ್ತು ಅದರಲ್ಲಿ ಸುಲಭವಾಗಿ ಹರಿಯದೆ ತಂತಿಯ ದಾರಿ ಹಿಡಿಯಿತು. ಹೀಗೆ ಒಂದೇ ದಿಕ್ಕಿಗೆ ಹರಿಯುವ ವಿದ್ಯುತ್ತು ದೊಡ್ಡ ಟ್ರಾನ್ಸ್‌ಫಾರ್ಮರುಗಳನ್ನು ಕಾಯಿಸುತ್ತದೆ, ಜಾಲದ ಒತ್ತಡವನ್ನು ಏರುಪೇರು ಮಾಡುತ್ತದೆ. ನಮ್ಮ ಓಣಿಯ ಕಂಬದ ಟ್ರಾನ್ಸ್‌ಫಾರ್ಮರ್ ಸುಟ್ಟರೆ ಎರಡು ದಿನಕ್ಕೆ ಬದಲಾಗುತ್ತದೆ. ನೂರಾರು ಟನ್ ತೂಗುವ ದೊಡ್ಡದು ಸುಟ್ಟರೆ ಹೊಸತು ತಯಾರಾಗಲು ತಿಂಗಳುಗಳು ಬೇಕು. 2003ರ ಅಕ್ಟೋಬರ್ 30ರಂದು ಸ್ವೀಡನ್ನಿನ ಮಾಲ್ಮೋ ನಗರದಲ್ಲಿಯೂ ಸುಮಾರು ಒಂದು ತಾಸು ದೀಪವಾರಿತ್ತು.

ಕೆನಡಾ, ಸ್ವೀಡನ್ನುಗಳೆರಡೂ ಉತ್ತರ ಧ್ರುವದ ಕಡೆಯವು. ನಾವು ಇರುವುದು ಕಾಂತ ಸಮಭಾಜಕಕ್ಕೆ ಹತ್ತಿರ; ಆ ರೇಖೆ ಕನ್ಯಾಕುಮಾರಿ, ತಿರುವನಂತಪುರಗಳ ಆಸುಪಾಸಿನಲ್ಲಿ ಹಾಯುತ್ತದೆ. ಆದ್ದರಿಂದ ನಮ್ಮಲ್ಲಿ ಪೆಟ್ಟು ಬಹಳ ಮೃದು. 2024ರ ಮೇ ತಿಂಗಳ ಬಿರುಗಾಳಿಯ ಮುಖ್ಯ ಹೊಡೆತ ನಮ್ಮ ಭಾಗಕ್ಕೆ ಬಿದ್ದುದು ಮೇ 11ರ ನಸುಕಿನಲ್ಲಾದುದರಿಂದ ಪರಿಣಾಮ ಕಡಿಮೆಯಾಯಿತೆಂದು ಇಸ್ರೋ ಸಂಸ್ಥೆ ತಿಳಿಸಿತು. ನಮ್ಮ ಅಕ್ಕನ ಮನೆಯವರು ಫೋನು ಬಂದ್ ಮಾಡಿ ಮಲಗಿದ್ದು ಅದಾದ ಮರುರಾತ್ರಿ. ಆ ಬಿರುಗಾಳಿಯ ಕುರುಹು ಭಾರತದಲ್ಲಿ ಕಣ್ಣಿಗೆ ಬಿದ್ದುದು ಲಡಾಖಿನ ಹಾನ್ಲೆಯಲ್ಲಿ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವೀಕ್ಷಣಾಲಯದ ಕ್ಯಾಮರಾಗಳು ಆಕಾಶದ ಅಂಚಿನಲ್ಲಿ ಕುಂಕುಮ ಚೆಲ್ಲಿದಂಥ ಕೆಂಪನ್ನು ಸೆರೆಹಿಡಿದವು.

ಆದರೂ ನಾವು ಪೂರ್ತಿ ನಿಶ್ಚಿಂತರೆಂದು ಹೇಳಲಾರೆವು. 2013ರ ಡಿಸೆಂಬರ್ 31ರಂದು ರಾಯಚೂರು ಸೊಲ್ಲಾಪುರಗಳ ನಡುವಣ 765 ಕಿಲೋವೋಲ್ಟಿನ ಮಾರ್ಗವು ದಕ್ಷಿಣದ ವಿದ್ಯುತ್ ಜಾಲವನ್ನು ಉಳಿದ ದೇಶದ ಜಾಲದೊಡನೆ ಕೂಡಿಸಿತು. ಕೊರತೆಯ ಕಾಲದಲ್ಲಿ ಉತ್ತರದ ವಿದ್ಯುತ್ತು ನಮ್ಮ ಹೊಲದ ಪಂಪಿಗೆ ಬರುವುದು ಇದರಿಂದ ಸುಲಭವಾಯಿತು. ಅದಕ್ಕೆ ಹಿಂದಿನ ವರ್ಷದ ಜುಲೈ ಕೊನೆಯಲ್ಲಿ ಉತ್ತರ ಮತ್ತು ಪೂರ್ವ ಭಾರತವೆಲ್ಲ ಕತ್ತಲಾದಾಗ ನಾವು ಪ್ರತ್ಯೇಕವಾಗಿದ್ದೆವು, ನಮ್ಮ ದೀಪ ಉರಿಯುತ್ತಿತ್ತು. ಆ ಕತ್ತಲೆಗೆ ಸೂರ್ಯ ಕಾರಣನಲ್ಲ, ಜಾಲದ ಮೇಲಿನ ಅತಿಭಾರ ಕಾರಣ. ಆದರೆ ಉದ್ದದ ಮಾರ್ಗಗಳಿಂದ ಒಂದಾದ ಜಾಲದಲ್ಲಿ ಒಂದು ಕಡೆಯ ಪೆಟ್ಟು ಇನ್ನೊಂದು ಕಡೆಗೆ ತಲುಪಬಲ್ಲದೆಂಬುದನ್ನು ಅದು ತೋರಿಸಿತು.

ಇನ್ನು ಇಂಟರ್ನೆಟ್ಟಿನ ಮಾತು. ಅಮೆರಿಕದಲ್ಲೋ ಲಂಡನ್ನಿನಲ್ಲೋ ಇರುವ ಮಗಳ ಮುಖವನ್ನು ಸಂಜೆ ಫೋನಿನಲ್ಲಿ ನೋಡುವಾಗ ಆ ಚಿತ್ರ ಆಕಾಶದಿಂದ ಬರುತ್ತದೆಂದು ಬಹುಮಂದಿ ಭಾವಿಸಿದ್ದಾರೆ. ಅದು ಬರುವುದು ಬಹುಪಾಲು ಸಮುದ್ರದ ತಳದಿಂದ, ಮುಂಬಯಿ, ಚೆನ್ನೈ, ಕೊಚ್ಚಿಗಳ ತೀರಕ್ಕೆ ಬಂದು ಏರುವ ಗಾಜಿನೆಳೆಯ ಕೇಬಲ್ಲುಗಳಿಂದ. ಗಾಜಿನೊಳಗೆ ಓಡುವುದು ಬೆಳಕು. ಅದಕ್ಕೆ ಸೌರ ಬಿರುಗಾಳಿ ತಟ್ಟದು. ಆದರೆ ಬೆಳಕು ಸಾಗುತ್ತ ಸಾಗುತ್ತ ಬಳಲುವುದರಿಂದ ಐವತ್ತು, ನೂರು ಕಿಲೋಮೀಟರಿಗೊಂದರಂತೆ ಅದಕ್ಕೆ ಬಲ ತುಂಬುವ ಪೆಟ್ಟಿಗೆಗಳನ್ನು ಕೂಡಿಸಿರುತ್ತಾರೆ, ಅವಕ್ಕೆ ವಿದ್ಯುತ್ತು ಒಯ್ಯುವ ಲೋಹದ ತಂತಿಯೂ ಜೊತೆಯಲ್ಲಿ ಓಡುತ್ತದೆ. ಸಾವಿರಾರು ಕಿಲೋಮೀಟರ್ ಉದ್ದದ ತಂತಿ! ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ವೈನ್ ಕೇಂದ್ರದ ಸಂಗೀತಾ ಅಬ್ದು ಜ್ಯೋತಿಯವರು 2021ರಲ್ಲಿ ಮಂಡಿಸಿದ ಪ್ರಬಂಧದಲ್ಲಿ ಎಚ್ಚರಿಸಿದುದು ಇದನ್ನೇ: ಅತಿಪ್ರಬಲ ಬಿರುಗಾಳಿಯಲ್ಲಿ ಈ ಪೆಟ್ಟಿಗೆಗಳು ಕೆಟ್ಟರೆ ಖಂಡಖಂಡಗಳ ನಡುವಣ ಸಂಪರ್ಕ ಬಹುದಿನ ತಪ್ಪಬಹುದು. ಅಮೆರಿಕ ಮತ್ತು ಯೂರೋಪುಗಳ ನಡುವಣ ಉತ್ತರದ ಕೇಬಲ್ಲುಗಳಿಗೆ ಅಪಾಯ ಹೆಚ್ಚು, ಸಿಂಗಪುರದಂಥ ಸಮಭಾಜಕದ ಸಮೀಪದ ಕೇಂದ್ರಗಳಿಗೆ ಕಡಿಮೆ ಎಂಬುದನ್ನೂ ಅವರೇ ಬರೆದಿದ್ದಾರೆ. ಪತ್ರಿಕೆಗಳು ಮೊದಲ ಮಾತನ್ನು ದೊಡ್ಡಕ್ಷರದಲ್ಲಿ ಅಚ್ಚು ಹಾಕಿ ಎರಡನೆಯದನ್ನು ಕೈಬಿಟ್ಟವು. 2023ರಲ್ಲಿ ಅದೇ ಸುದ್ದಿ ನಾಸಾದ ಎಚ್ಚರಿಕೆಯೆಂಬ ವೇಷ ತೊಟ್ಟು ಮತ್ತೆ ಬಂದಿತು.

ಆಕಾಶದಲ್ಲಿರುವ ಉಪಗ್ರಹಗಳು ಇನ್ನೂ ನಾಜೂಕು. 2022ರ ಫೆಬ್ರವರಿ 3ರಂದು ಹಾರಿಸಿದ 49 ಸ್ಟಾರ್‌ಲಿಂಕ್ ಉಪಗ್ರಹಗಳಲ್ಲಿ ಸುಮಾರು 40 ನಷ್ಟವಾದವು. ಬಿರುಗಾಳಿಯ ಕಾವಿಗೆ ವಾಯುಮಂಡಲ ಉಬ್ಬಿ ಅವುಗಳ ವೇಗವನ್ನು ಹಿಡಿದೆಳೆಯಿತು. 2024ರ ಮೇ ತಿಂಗಳಲ್ಲಿ ಉಪಗ್ರಹ ತೋರುವ ಗೆರೆಯ ಮೇಲೆ ಓಡುವ ಅಮೆರಿಕದ ಟ್ರಾಕ್ಟರುಗಳು ಬಿತ್ತನೆಯ ಹೊತ್ತಿನಲ್ಲಿಯೇ ದಾರಿ ತಪ್ಪಿ ನಿಂತವು. ನಮ್ಮ ರೈತ ಬಂಧುಗಳು ಕೂರಿಗೆಯ ಸಾಲನ್ನು ಕಣ್ಣಳತೆಯಲ್ಲಿಯೇ ಹಿಡಿಯುವವರಾದ್ದರಿಂದ ಅವರಿಗೆ ಇದರ ಬಾಧೆಯಿಲ್ಲ. ಆಕಾಶದಲ್ಲಿ ಹತ್ತು ಕಿಲೋಮೀಟರ್ ಎತ್ತರದಲ್ಲಿ ಗಾಳಿಯ ಹೊದಿಕೆ ತೆಳುವಾಗಿರುವುದರಿಂದ ಕಣಗಳು ಗಣಕದ ಚಿಪ್ಪಿನೊಳಗಿನ ಅಂಕಿಯನ್ನು ತಿರುಗಿಸಬಲ್ಲವು. ತೀವ್ರ ಸೌರ ವಿಕಿರಣದಿಂದ ಹೀಗಾಗಬಹುದೆಂದು ವಿಮಾನ ತಯಾರಿಸುವ ಏರ್‌ಬಸ್ ಸಂಸ್ಥೆ 2025ರ ನವೆಂಬರಿನಲ್ಲಿ ಸಾವಿರಾರು ವಿಮಾನಗಳನ್ನು ತಿದ್ದಿಸಿತು. ನೆಲದ ಮೇಲಿರುವ ನಮಗೆ ಇಡೀ ವಾಯುಮಂಡಲವೇ ಛಾವಣಿ.

ಇಲ್ಲಿ ಒಂದು ಉಪಸಂಗತಿ. ಮಾರ್ಚಿನ ಆಸುಪಾಸಿನಲ್ಲಿಯೂ ಅಕ್ಟೋಬರಿನ ಆಸುಪಾಸಿನಲ್ಲಿಯೂ ಕೆಲವು ದಿನ ಹಗಲಲ್ಲಿ ಹತ್ತಾರು ನಿಮಿಷ ಡಿಶ್ ಟಿ.ವಿ.ಯ ಚಿತ್ರ ಚುಕ್ಕೆಚುಕ್ಕೆಯಾಗುವುದುಂಟು. ಇದೂ ಸೌರ ಬಿರುಗಾಳಿಯೆಂದು ನಮ್ಮ ನೆರೆಯವರೊಬ್ಬರು ವಾದಿಸುತ್ತಿದ್ದರು. ಅದಲ್ಲ. ಆಗ ಸೂರ್ಯನು ಉಪಗ್ರಹದ ಬೆನ್ನಿಗೇ ಬಂದು ನಿಲ್ಲುವುದರಿಂದ ತಟ್ಟೆಗೆ ಅವನ ಗದ್ದಲವೇ ಕೇಳುತ್ತದೆ. ಮೆಕ್ಯಾನಿಕನಿಗೆ ದುಡ್ಡು ಕೊಡದೆ ಸುಮ್ಮನಿದ್ದರೆ ತಾನೇ ಸರಿಹೋಗುತ್ತದೆ.

ಒಟ್ಟಿನಲ್ಲಿ ನಾವು ಸಿದ್ಧರಾಗಬೇಕಾದುದು ಯಂತ್ರ ಸುಡುವುದಕ್ಕಲ್ಲ, ಕರೆಂಟು ಒಂದೆರಡು ದಿನ ಇಲ್ಲದಿರುವುದಕ್ಕೆ. ಕರೆಂಟು ಹೋದರೆ ಮನೆಯ ಇಂಟರ್ನೆಟ್ ಪೆಟ್ಟಿಗೆ ಆಗಲೇ ನಿಲ್ಲುತ್ತದೆ; ಮೊಬೈಲ್ ಗೋಪುರಗಳು ಬ್ಯಾಟರಿ ಮತ್ತು ಡೀಸೆಲ್ ಇರುವಷ್ಟು ಹೊತ್ತು ಉಸಿರಾಡುತ್ತವೆ. ಅಂಗಡಿಯಲ್ಲಿ ಫೋನ್‌ಪೇ ಇಲ್ಲವಾಗುತ್ತದೆ. ಆದುದರಿಂದ ವಾರದ ಖರ್ಚಿಗಾಗುವಷ್ಟು ನಗದನ್ನು ಮನೆಯಲ್ಲಿಡಿ ಎಂದು ತಾಯಂದಿರಿಗೆ ಹೇಳುವ ಅಗತ್ಯವಿಲ್ಲ, ಸಾಸಿವೆ ಡಬ್ಬಿಯ ಸಂಪ್ರದಾಯ ಅವರಲ್ಲಿ ಮೊದಲಿನಿಂದಲೂ ಇದೆ. ಸಕ್ಕರೆ ರೋಗದವರ ಇನ್ಸುಲಿನ್ನನ್ನು ಫ್ರಿಜ್ಜು ನಿಂತಾಗ ಬಾಟಲಿ ನೆನೆಯದಂತೆ ಚೀಲದಲ್ಲಿ ಸುತ್ತಿ, ನೀರು ತುಂಬಿದ ಹೊಸ ಮಣ್ಣಿನ ಗಡಿಗೆಯ ತಂಪಿನಲ್ಲಿರಿಸಿ ಕೆಲವು ದಿನ ಕಾಪಾಡಬಹುದು. ಉಸಿರಾಟದ ಯಂತ್ರದ ಮೇಲಿರುವ ಹಿರಿಯರಿದ್ದ ಮನೆಯವರು, ಇನ್ವರ್ಟರು ಅದನ್ನು ಎಷ್ಟು ತಾಸು ನಡೆಸಬಲ್ಲದೆಂದು ಇಂದೇ ಪರೀಕ್ಷಿಸಿ ನೋಡಿರಿ; ಸಿಲಿಂಡರ್ ಸಿಗುವ ಸ್ಥಳವನ್ನೂ ಕೇಳಿಟ್ಟುಕೊಳ್ಳಿರಿ. ಮಾಳಿಗೆಯ ಮೇಲೆ ಸೋಲಾರ್ ಫಲಕ ಹಾಕಿಸಿ ವಿದ್ಯುತ್ ಕಂಪನಿಗೆ ಮಾರುತ್ತಿರುವವರು ತಮಗೆ ಕತ್ತಲೆಯಿಲ್ಲವೆಂದು ನಂಬಿಕೊಂಡಿರುತ್ತಾರೆ. ಬ್ಯಾಟರಿಯಿಲ್ಲದ ಅಂಥ ವ್ಯವಸ್ಥೆ, ಕಂಬದ ಮೇಲೆ ದುಡಿಯುವ ಲೈನ್‌ಮನ್ನನ ಜೀವರಕ್ಷಣೆಗೆಂದು, ಊರಿನ ಕರೆಂಟು ಹೋದೊಡನೆ ತಾನೂ ನಿಲ್ಲುವಂತೆ ಮಾಡಲ್ಪಟ್ಟಿದೆ. ಕರೆಂಟು ಹೋದಾಗ ಫ್ರಿಜ್ಜು, ಟಿ.ವಿ., ಪಂಪುಗಳ ಸ್ವಿಚ್ಚು ತೆಗೆದು, ಮರಳಿ ಬಂದು ಹತ್ತು ನಿಮಿಷ ನೆಟ್ಟಗೆ ನಿಂತ ಮೇಲೆ ಹಾಕುವುದು ಲೇಸು. ಏರಿಳಿತ ಯಂತ್ರಗಳನ್ನು ಕೆಡಿಸುವುದು ಆ ಗಳಿಗೆಯಲ್ಲಿ. ಬ್ಯಾಟರಿಯ ಒಂದು ರೇಡಿಯೋ ಮನೆಯಲ್ಲಿರಲಿ.

ಸೂರ್ಯನನ್ನು ಕಾಯುವ ಕೆಲಸವೂ ನಡೆದಿದೆ. 2023ರ ಸೆಪ್ಟೆಂಬರ್ 2ರಂದು ಶ್ರೀಹರಿಕೋಟೆಯಿಂದ ಹೊರಟ ಆದಿತ್ಯ ಎಲ್-1 ನೌಕೆ 2024ರ ಜನವರಿ 6ರಂದು ಭೂಮಿಯಿಂದ 15 ಲಕ್ಷ ಕಿಲೋಮೀಟರ್ ಆಚೆಯ ತನ್ನ ನೆಲೆಯನ್ನು ಸೇರಿತು. ಸೂರ್ಯನ ಹೊರವಲಯವನ್ನು ನೋಡುವ ಅದರ ಮುಖ್ಯ ಉಪಕರಣ ತಯಾರಾದುದು ನಮ್ಮ ಹೊಸಕೋಟೆಯಲ್ಲಿ. ಗೌರಿಬಿದನೂರಿನ ಬಯಲಿನಲ್ಲಿಯೂ ಸೂರ್ಯನ ರೇಡಿಯೋ ಅಲೆಗಳನ್ನು ಆಲಿಸುವ ವೀಕ್ಷಣಾಲಯವಿದೆ. ಬಿರುಗಾಳಿಯ ಮೋಡ ಆ ನೆಲೆಯನ್ನು ದಾಟಿ ಭೂಮಿಗೆ ಬರಲು ಹದಿನೈದು ನಿಮಿಷದಿಂದ ಒಂದು ತಾಸು ಹಿಡಿಯುತ್ತದೆ. ವಿದ್ಯುತ್ ಜಾಲದವರಿಗೆ ಆ ಎಚ್ಚರಿಕೆ ಸಾಕು. ಮನೆಯವರಾದ ನಾವು ಆ ಹೊತ್ತಿನಲ್ಲಿ ಫೋನಿಗೆ ಮಾಡಬೇಕಾದುದು ಏನೂ ಇಲ್ಲ, ಚಾರ್ಜು ತುಂಬಿಡಬಹುದು.

ನಮ್ಮ ಅಕ್ಕನ ಮನೆಯ ಗೋಡೆಯ ಪಂಚಾಂಗದ ಬದಿಗೆ ಈಗ ಹತ್ತು ಫೋನ್ ನಂಬರುಗಳನ್ನು ದಪ್ಪಕ್ಷರದಲ್ಲಿ ಬರೆದು ಅಂಟಿಸಿದ್ದಾರೆ. ಅತ್ತೆಗೆ ಗುಂಡಿಯೊತ್ತುವ ಸಣ್ಣ ಫೋನೊಂದನ್ನು ನಾವೇ ಒಯ್ದು ಕೊಟ್ಟು ಬಂದೆವು. ತಪ್ಪೊಪ್ಪಿಕೊಂಡಾಗ ಅವರು ಬೈಯಲಿಲ್ಲ, “ಸೂರ್ಯ ಇಲ್ಲೀತನಕ ಬಂದು ನನ್ನ ಫೋನ್ ಯಾಕ ಸುಡತಾನೋ?” ಎಂದು ನಕ್ಕರು. ಆದರೆ ದಿನಾಲೂ ರಾತ್ರಿ ಒಂಬತ್ತಕ್ಕೆ ಅಕ್ಕನ ಮನೆಗೆ ಒಂದು ಸಲ ಫೋನು ಹಚ್ಚುತ್ತಾರೆ. “ಚಾಲೂ ಐತಿಲ್ಲ?” ಎಂದು ಕೇಳಿ, ಐತಿ ಎಂದೊಡನೆ ಇಟ್ಟುಬಿಡುತ್ತಾರೆ.